ಹಾನಗಲ್ಲ ಸೀಮೆಯ ಇಬ್ಬರು ಗವಾಯಿಗಳು



ಪಿಯಾನೋ ವಾದ್ಯದ ಕವಿಯೆಂದು ಪಾಶ್ಚಾತ್ಯರು ಕೊಂಡಾಡುವ ಶೋಪಾನನು 1810ರಲ್ಲಿ ಪೋಲೆಂಡ್ ದೇಶದಲ್ಲಿ ಜನಿಸಿ, 1849ರಲ್ಲಿ ಪ್ಯಾರಿಸ್ ನಗರದಲ್ಲಿ ಕಾಲವಾದನು. ಸಿರಿವಂತರ ಮಕ್ಕಳಿಗೆ ಪಾಠ ಹೇಳಿ ಅವನು ಜೀವನ ಸಾಗಿಸಿದನು. ಅವನ ರಚನೆಗಳು ಸ್ವರಲಿಪಿಯಲ್ಲಿ ಅಚ್ಚಾಗಿ ಉಳಿದುವು. ಅಚ್ಚಿನ ಸ್ವರಲಿಪಿಯೂ ಇಲ್ಲದೆ, ಹಣ ತೆರುವ ಶಿಷ್ಯರೂ ಇಲ್ಲದೆ ಇರುವ ಕಡೆಯಲ್ಲಿ ಸಂಗೀತಗಾರನ ಸಾಧನೆ ಉಳಿಯುವುದು ಹೇಗೆ?

ಶೋಪಾನನಿಗೆ ಸಮಕಾಲೀನರಾಗಿ 1819ರಲ್ಲಿ ಶಿಗ್ಗಾಂವಿಯ ಬಳಿಯ ಶಿಶುನಾಳದಲ್ಲಿ ಹುಟ್ಟಿದ ಶರೀಫ ಸಾಹೇಬರ ಪದಗಳು ಜನರ ಬಾಯಲ್ಲಿಯೇ ಬದುಕಿದುವು. ಶಾಸ್ತ್ರೀಯ ಸಂಗೀತಕ್ಕಾದರೋ ಕೇವಲ ನೆನಪು ಸಾಲದು. ದೀರ್ಘಾಭ್ಯಾಸ ಬೇಕು, ಅಭ್ಯಾಸಿಗೆ ಅನ್ನವೂ ಬೇಕು. ಈ ಎರಡನ್ನೂ ಒಂದೇ ಸೂರಿನಡಿ ಒದಗಿಸಿದವರು ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯವರಾದ ಪಂಚಾಕ್ಷರಿ ಗವಾಯಿಗಳು.

ಇವರು 1892ರಲ್ಲಿ ಹುಟ್ಟಿದರು. ಗದಿಗೆಯ್ಯ ಎಂಬುದು ಹುಟ್ಟುಹೆಸರು. ಇವರೂ ಇವರ ಅಣ್ಣನೂ ಹುಟ್ಟುಕುರುಡರು. ಆ ಕಾಲದಲ್ಲಿ ಬಡಮನೆಯ ಅಂಧ ಬಾಲಕರ ಮುಂದಿದ್ದ ದಾರಿ ಸಾಮಾನ್ಯವಾಗಿ ಒಂದೇ: ಪರರ ಬಾಗಿಲಲ್ಲಿ ನಿಂತು ಬೇಡುವುದು. ಹಾನಗಲ್ಲ ಕುಮಾರಸ್ವಾಮಿಗಳು ಈ ಸಹೋದರರ ಕಂಠಮಾಧುರ್ಯವನ್ನು ಗುರುತಿಸಿ, ಅವರ ವಿದ್ಯಾಭ್ಯಾಸದ ಭಾರವನ್ನು ಹೊತ್ತರು. ಗದಿಗೆಯ್ಯನು ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನು ಕಲಿತನು. ಅನಂತರ ನೀಲಕಂಠಬುವಾ ಅವರಲ್ಲಿಯೂ ಕಿರಾಣಾ ಘರಾಣೆಯ ವಹೀದಖಾನರಲ್ಲಿಯೂ ಹಿಂದುಸ್ತಾನಿ ಪದ್ಧತಿಯನ್ನು ಸಾಧಿಸಿದನು. ಎರಡು ಪದ್ಧತಿಗಳು ಒಂದೇ ಕಂಠದಲ್ಲಿ ನೆಲೆಗೊಂಡದ್ದು ಉತ್ತರ ಕರ್ನಾಟಕದ ಸಂಗೀತಕ್ಕೆ ದೊರೆತ ದೊಡ್ಡ ಲಾಭ.

ವಿದ್ವತ್ತನ್ನು ಪಡೆದ ಮೇಲೆ ಅರಮನೆಯ ಆಶ್ರಯವನ್ನರಸಿ ಹೋಗುವುದು ಸಹಜವಾಗಿತ್ತು. ಗವಾಯಿಗಳು ಹಾಗೆ ಮಾಡಲಿಲ್ಲ. ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರೂರು ಸಂಚರಿಸುತ್ತ ಪಾಠಶಾಲೆಯನ್ನು ನಡೆಸಿದರು. ಇಲ್ಲಿ ಶುಲ್ಕವನ್ನು ಕೊಡುವ ಶಿಷ್ಯನಿರಲಿಲ್ಲ; ಶಿಷ್ಯನಿಗೆ ಉಣಬಡಿಸುವ ಹೊಣೆಯೇ ಗುರುವಿನ ಮೇಲಿತ್ತು. ಅದಕ್ಕಾಗಿ ಭಕ್ತರ ಮನೆಗೆ ಜೋಳಿಗೆ ಹೋಯಿತು. ನಾಟಕ ಮಂಡಳಿಯೂ ಹುಟ್ಟಿತು. ಕಡೆಗೆ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಗದಗಿನಲ್ಲಿ ನೆಲೆ ದೊರೆತು, ಅದು ವೀರೇಶ್ವರ ಪುಣ್ಯಾಶ್ರಮವಾಯಿತು. ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದರು.

ಗುರು ಹೋದ ಮೇಲೆ ಇಂಥ ಸಂಸ್ಥೆ ಚದುರಿಹೋಗುವುದು ಅಪೂರ್ವವಲ್ಲ. ಇದು ಚದುರದಂತೆ ಕಾಯ್ದವರು 1914ರಲ್ಲಿ ಅದೇ ಸೀಮೆಯಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು. ಬಾಲ್ಯದಲ್ಲಿಯೇ ದೃಷ್ಟಿಯನ್ನೂ ತಂದೆತಾಯಿಗಳನ್ನೂ ಕಳೆದುಕೊಂಡ ಈ ಹುಡುಗನು ಹಾರ್ಮೋನಿಯಮ್ಮಿನ ಮೇಲೆ ಬೆರಳಾಡಿಸುವುದನ್ನು ಕಂಡು, ಸೋದರಮಾವನು ಅವನನ್ನು ಪಂಚಾಕ್ಷರಿ ಗವಾಯಿಗಳಿಗೆ ಒಪ್ಪಿಸಿದನು. ಶೋಪಾನನು ಪ್ಯಾರಿಸಿನಲ್ಲಿದ್ದ ಕಾಲದಲ್ಲಿಯೇ, ಅದೇ ನಗರದಲ್ಲಿ ಡೆಬೆಯ್ನ್ ಎಂಬಾತನು ರೂಪಿಸಿದ ವಾದ್ಯವಿದು. ಕಲ್ಕತ್ತೆಯಲ್ಲಿ ಕೈತಿದಿಯ ರೂಪ ತಾಳಿ ನಮ್ಮ ನಾಟಕಶಾಲೆಗಳನ್ನೂ ಭಜನೆಯ ಮನೆಗಳನ್ನೂ ಸೇರಿತು. ಇದರಲ್ಲಿ ಸ್ವರಗಳು ಸ್ಥಿರವಾಗಿರುವುದರಿಂದ ಮೀಂಡು ನುಡಿಯದೆಂಬ ಆಕ್ಷೇಪವುಂಟು. ಆ ಕಾರಣದಿಂದಲೇ ಅಖಿಲ ಭಾರತ ರೇಡಿಯೋ 1940ರಲ್ಲಿ ಅದನ್ನು ಬಹಿಷ್ಕರಿಸಿತು. ನಿರ್ಬಂಧ ಸಡಿಲವಾಗಲು 1971ರವರೆಗೆ ಕಾಯಬೇಕಾಯಿತು. ಆಕ್ಷೇಪವು ಶಾಸ್ತ್ರದೃಷ್ಟಿಯಿಂದ ನಿರಾಧಾರವಲ್ಲ. ಆದರೆ ಕಣ್ಣಿಲ್ಲದ ಮಗುವಿಗೆ ಬೆರಳಿನ ಸ್ಪರ್ಶಕ್ಕೆ ತಪ್ಪದೆ ಸಿಕ್ಕುವ ಮನೆ, ತಪ್ಪದೆ ನುಡಿಯುವ ಸ್ವರ ಎಷ್ಟು ದೊಡ್ಡ ಆಸರೆಯೆಂಬುದನ್ನು ಆ ವಾದದಲ್ಲಿ ಯಾರೂ ಎಣಿಕೆಗೆ ತಂದಂತಿಲ್ಲ.

ಪುಟ್ಟರಾಜರು ಹಾರ್ಮೋನಿಯಮ್ಮಿಗೆ ನಿಲ್ಲಲಿಲ್ಲ. ಪಿಟೀಲು, ಸಾರಂಗಿ, ತಬಲ ಮೊದಲಾದ ವಾದ್ಯಗಳಲ್ಲಿಯೂ, ಗಾಯನದ ಉಭಯ ಪದ್ಧತಿಗಳಲ್ಲಿಯೂ ಪರಿಣತರಾದರು. ಕನ್ನಡ, ಹಿಂದಿ, ಸಂಸ್ಕೃತ ಭಾಷೆಗಳಲ್ಲಿ ಕೃತಿಗಳನ್ನು ರಚಿಸಿದರು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು; ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ದಿವಂಗತರಾದರು.

ಪಂಚಾಕ್ಷರಿ ಗವಾಯಿಗಳ ಶಿಷ್ಯರಾದ ಬಸವರಾಜ ರಾಜಗುರುಗಳೂ, ಪುಟ್ಟರಾಜರ ಬಳಿ ಹನ್ನೆರಡು ವರ್ಷವಿದ್ದು ಕಲಿತ ವೆಂಕಟೇಶಕುಮಾರರೂ ಭಾರತಾದ್ಯಂತ ಕೀರ್ತಿ ಪಡೆದರು. ಆದರೆ ಪುಣ್ಯಾಶ್ರಮದ ಸಾಧನೆಯನ್ನು ಕೀರ್ತಿವಂತರ ಹೆಸರುಗಳಿಂದ ಮಾತ್ರ ಅಳೆಯುವುದು ನ್ಯಾಯವಲ್ಲ. ಹಳ್ಳಿಯ ಪಾಠಶಾಲೆಯಲ್ಲಿ ಸಂಗೀತ ಕಲಿಸಿ, ಪುರಾಣಪ್ರವಚನಕ್ಕೆ ಹಿಮ್ಮೇಳ ನೀಡಿ, ಸ್ವಂತ ದುಡಿಮೆಯ ಅನ್ನವನ್ನು ಉಂಡ ಅಂಧರೂ ಆ ಪರಂಪರೆಯವರೇ. ಬೇಡಲು ಚಾಚಬೇಕಾಗಿದ್ದ ಕೈ ತಂಬೂರಿಯನ್ನು ಮೀಟಿತು. ಶೋಪಾನನನ್ನು ಕಾಗದ ಉಳಿಸಿತು. ಈ ಗವಾಯಿಗಳನ್ನು ಉಳಿಸಿದ್ದು ಅವರು ಉಣಿಸಿ ಬೆಳೆಸಿದ ಕಂಠಗಳು.