ಸ್ವಾಧೀನ ತಪ್ಪಿದ ಕೈಗೆ ಕರೆಂಟು

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಮಿದುಳಿನ ರಕ್ತನಾಳ ಕಟ್ಟಿಕೊಂಡೋ ಒಡೆದೋ ದೇಹದ ಒಂದು ಪಕ್ಕ ಬಿದ್ದುಹೋಗುವ ಕಾಯಿಲೆಗೆ ಬರಹದಲ್ಲಿ ಪಾರ್ಶ್ವವಾಯು ಎಂದೂ ಆಡುಮಾತಿನಲ್ಲಿ ಲಕ್ವ ಎಂದೂ ಹೆಸರಿದೆ. ಅದರ ಚಿಕಿತ್ಸೆಯ ಮಾತು ಬಂದಾಗ 'ಕರೆಂಟು ಇಡಿಸುವುದು' ಎಂಬ ಮೂರನೆಯ ನುಡಿ ಬಂದು ಸೇರುತ್ತದೆ. ಮೊದಲನೆಯದು ಸಂಸ್ಕೃತದಿಂದ, ಎರಡನೆಯದು ಅರಬ್ಬಿಯಿಂದ, ಮೂರನೆಯದು ಇಂಗ್ಲಿಷಿನಿಂದ ಬಂದವು. ಅರಬ್ಬಿಯಲ್ಲಿ ಲಕ್ವ ಎಂದರೆ ಮುಖ ಸೊಟ್ಟಗಾಗುವುದು ಮಾತ್ರ. ಕನ್ನಡಕ್ಕೆ ಬಂದ ಮೇಲೆ ಅದು ಕೈಕಾಲಿಗೂ ಇಳಿಯಿತು. ಆಯುರ್ವೇದ, ಯುನಾನಿ ಮತ್ತು ಪಾಶ್ಚಾತ್ಯ ವೈದ್ಯಗಳು ಒಂದರ ಮೇಲೊಂದು ಪದರವಾಗಿ ಇಲ್ಲಿ ನೆಲೆಸಿದ ಚರಿತ್ರೆ ಈ ಮೂರು ಮಾತುಗಳಲ್ಲಿಯೇ ಉಳಿದಿದೆ.

ಚರಕಸಂಹಿತೆ ಈ ರೋಗವನ್ನು ವಾತವ್ಯಾಧಿಗಳ ಸಾಲಿನಲ್ಲಿರಿಸಿ ಬೆವರಿಸುವುದನ್ನೂ ಜಿಡ್ಡು ಬೆರೆಸಿದ ಭೇದಿಯನ್ನೂ ಚಿಕಿತ್ಸೆಯಾಗಿ ಹೇಳುತ್ತದೆ. ಹಳ್ಳಿಯ ಮನೆಗಳಲ್ಲಿ ಇದೇ ಪರಂಪರೆ ಎಣ್ಣೆ ನೀವುವುದು, ಬಿಸಿನೀರು ಹುಯ್ಯುವುದು, ಶಾಖ ಕೊಡುವುದು ಎಂಬ ರೂಪದಲ್ಲಿ ಮುಂದುವರಿದಿದೆ. ಎಣ್ಣೆಯ ಗುಣದ ಬಗ್ಗೆ ವಾದಗಳೇನೇ ಇರಲಿ, ನೀವುವ ಕೈ ರೋಗಿಯ ಮಡಿಸಿದ ಬೆರಳನ್ನು ಬಿಡಿಸುತ್ತಿತ್ತು, ಮರಗಟ್ಟುವ ಕೀಲನ್ನು ಆಡಿಸುತ್ತಿತ್ತು ಎಂಬುದನ್ನು ಮರೆಯಬಾರದು.

ವಿದ್ಯುತ್ತಿನ ಚಿಕಿತ್ಸೆಗೂ ವಯಸ್ಸು ಕಡಿಮೆಯದಲ್ಲ. ಕ್ರಿ.ಶ. ಮೊದಲನೆಯ ಶತಮಾನದ ರೋಮನ್ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ತಲೆನೋವಿಗೂ ಸಂಧಿವಾತಕ್ಕೂ ವಿದ್ಯುತ್ ಮೀನನ್ನು ಒತ್ತಿ ಹಿಡಿಸುತ್ತಿದ್ದನು. ಜಿನೀವಾದ ಜಲಾಬೆರ್ ಎಂಬ ವಿದ್ವಾಂಸನು ಬೀಗ ಮಾಡುವವನೊಬ್ಬನ ಬಿದ್ದ ತೋಳಿಗೆ ವಿದ್ಯುತ್ತಿನ ಕಿಡಿ ತಾಗಿಸಿ, ಕಂಡುದನ್ನು 1748ರಲ್ಲಿ ಪ್ರಕಟಿಸಿದನು. ಇದಕ್ಕಿಂತ ಗಮನಾರ್ಹವಾದುದು ಬೆಂಜಮಿನ್ ಫ್ರಾಂಕ್ಲಿನ್ 1757ರಲ್ಲಿ ಬರೆದ ಪತ್ರ. ಪೆನ್ಸಿಲ್ವೇನಿಯಾದ ನಾನಾ ಕಡೆಗಳಿಂದ ಬಂದ ಪಾರ್ಶ್ವವಾಯು ರೋಗಿಗಳಿಗೆ ಆತ ವಿದ್ಯುತ್ತಿನ ಆಘಾತ ಕೊಟ್ಟಾಗ ಮೊದಲ ಕೆಲವು ದಿನ ಸುಧಾರಣೆ ಕಂಡರೂ ಐದನೆಯ ದಿನದ ಆಚೆಗೆ ಅದು ಮುಂದುವರಿಯಲಿಲ್ಲ. ಕಂಡ ಅಲ್ಪ ಗುಣಕ್ಕೆ ವಿದ್ಯುತ್ತು ಕಾರಣವೋ, ಅವರು ದಿನವೂ ತನ್ನ ಮನೆಗೆ ಬಂದುಹೋದ ದೇಹಶ್ರಮ ಮತ್ತು ಗುಣವಾಗುವ ಆಸೆ ಕಾರಣವೋ ಎಂದು ಆತನೇ ಸಂಶಯಪಟ್ಟನು. ಮುಂದಿನ ಎರಡೂವರೆ ಶತಮಾನಗಳ ಸಂಶೋಧನೆ ಈ ಸಂಶಯದ ಸುತ್ತಲೇ ತಿರುಗಿದೆ ಎಂದರೆ ತಪ್ಪಾಗದು.

ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಕೆಲವರು ಸ್ನಾಯುವಿಗೆ ಸೂಜಿ ಚುಚ್ಚಿ ವಿದ್ಯುತ್ತು ಹರಿಸುತ್ತಿದ್ದರೆ, ದುಶೆನ್ ಎಂಬ ವೈದ್ಯನು ಸೂಜಿಯನ್ನು ಬಿಟ್ಟು ಒದ್ದೆ ಮಾಡಿದ ತುದಿಗಳನ್ನು ಚರ್ಮದ ಮೇಲೆಯೇ ಇರಿಸಿ ಬೇಕಾದ ಸ್ನಾಯುವನ್ನಷ್ಟೇ ಕುಣಿಸುವ ವಿಧಾನವನ್ನು ರೂಢಿಸಿ 1855ರಲ್ಲಿ ಗ್ರಂಥವಾಗಿಸಿದನು. ಗಾಯವಿಲ್ಲದ ನರ ಪ್ರಚೋದನೆ ಎಂದು ಇಂದು ಕರೆಯುವುದರ ಮೂಲಗಳಲ್ಲಿ ಇದು ಮುಖ್ಯವಾದುದು. ಲಕ್ವದಲ್ಲಿ ಕೆಡುವುದು ಮಿದುಳಿನ ಭಾಗ. ಬೆನ್ನುಹುರಿಯಿಂದ ಕೈಗೆ ಇಳಿಯುವ ನರ ಜೀವಂತವಾಗಿಯೇ ಇರುವುದರಿಂದ ಹೊರಗಿನಿಂದ ಕೊಟ್ಟ ಅಲ್ಪ ವಿದ್ಯುತ್ತಿಗೂ ಸ್ನಾಯು ಮಿಡಿಯುತ್ತದೆ. 1961ರಲ್ಲಿ ಲಿಬರ್ಸನ್ ಎಂಬ ಸಂಶೋಧಕ ಮತ್ತು ಸಂಗಡಿಗರು ಪಾದ ಎತ್ತಲಾಗದವರ ಚಪ್ಪಲಿಯಲ್ಲಿ ಸ್ವಿಚ್ಚಿಟ್ಟು, ಹಿಮ್ಮಡಿ ನೆಲ ಬಿಟ್ಟೊಡನೆ ನರಕ್ಕೆ ಪ್ರಚೋದನೆ ಸಿಗುವಂತೆ ಮಾಡಿದಾಗ, ವಿದ್ಯುತ್ತು ನಡಿಗೆಯ ಹೆಜ್ಜೆಗೆ ಹೊಂದಿಕೊಂಡಿತು.

ಇತ್ತ ವಿದ್ಯುತ್ತಿನ ಚರಿತ್ರೆಯಲ್ಲಿ ಮಳವಳ್ಳಿ ತಾಲ್ಲೂಕಿನ ಸ್ಥಾನ ಸಣ್ಣದಲ್ಲ. ಮೈಸೂರಿನ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯೇರ್ ರೂಪಿಸಿದ ಯೋಜನೆಯಂತೆ ಶಿವನಸಮುದ್ರದಲ್ಲಿ ಕಾವೇರಿಯ ಧುಮುಕುನೀರಿನಿಂದ ಹುಟ್ಟಿದ ವಿದ್ಯುತ್ತು 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. 1911ರಲ್ಲಿ ಕಟ್ಟಲಾರಂಭಿಸಿದ ಕೃಷ್ಣರಾಜಸಾಗರದ ಉದ್ದೇಶಗಳಲ್ಲಿ ಈ ವಿದ್ಯುದಾಗಾರಕ್ಕೆ ಬೇಸಿಗೆಯಲ್ಲೂ ನೀರು ಒದಗಿಸುವುದು ಒಂದಾಗಿತ್ತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾದ ಮರುವರ್ಷ ಅದೇ ತಾಲ್ಲೂಕಿನ ಶಿಂಷಾದಲ್ಲಿ ಎರಡನೆಯ ವಿದ್ಯುದಾಗಾರ ಬಂತು. ಮೊದಲ ಪಾಲು ಗಣಿಗೂ ನಗರಕ್ಕೂ ಹೋಯಿತೆಂಬುದು ನಿಜ. ಸಾವಿರಾರು ವೋಲ್ಟಿನಲ್ಲಿ ಹೊರಟುಹೋದ ಆ ಶಕ್ತಿ, ಸೀಮೆಯ ಜನರ ನರಸ್ನಾಯುಗಳ ಬಳಿಗೆ ಮಿಲಿಆಂಪಿಯರಿನ, ಅಂದರೆ ಆಂಪಿಯರಿನ ಸಾವಿರದ ಭಾಗದ, ಅಳತೆಯಲ್ಲಿ ಮರಳಲು ದಶಕಗಳೇ ಹಿಡಿದವು.

ಅದಕ್ಕೆ ಕಾರಣ ವಿದ್ಯುತ್ತಿನ ಕೊರತೆಯೊಂದೇ ಅಲ್ಲ, ಫಿಸಿಯೋಥೆರಪಿ ಎಂಬ ವೃತ್ತಿಯೇ ಭಾರತದಲ್ಲಿ ತಡವಾಗಿ ಬೇರೂರಿದ್ದು. 1950ರ ದಶಕದ ಆರಂಭದಲ್ಲಿ ಮುಂಬಯಿಯಲ್ಲಿ ಪೋಲಿಯೊ ಹಾವಳಿಯ ಹಿನ್ನೆಲೆಯಲ್ಲಿ ಈ ಶಿಕ್ಷಣ ಆರಂಭವಾಯಿತು. ಮಂಡ್ಯ ಜಿಲ್ಲೆಯಲ್ಲಿ 1986ರಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು, ಈ ಶತಮಾನದ ಮೊದಲ ದಶಕದಲ್ಲಿ ಮಂಡ್ಯದ ಸರ್ಕಾರಿ ವೈದ್ಯಕೀಯ ಸಂಸ್ಥೆ 'ಮಿಮ್ಸ್' ಬಂದವು. ಗ್ಯಾಲ್ವನಿ ಮತ್ತು ಫ್ಯಾರಡೆಯರ ಹೆಸರು ಹೊತ್ತ 'ಗ್ಯಾಲ್ವನಿಕ್', 'ಫ್ಯಾರಡಿಕ್' ಎಂಬ ಪ್ರವಾಹಗಳು ಫಿಸಿಯೋಥೆರಪಿಯ ಪಾಠದಲ್ಲೂ ಯಂತ್ರದ ಮೇಲೂ ಇಂದಿಗೂ ಇವೆ. ಆದರೆ 'ಕರೆಂಟು ಇಡಿಸುವುದು' ಎಂಬ ನುಡಿಗಟ್ಟು ಚಿಕಿತ್ಸೆಯ ಹಿರಿಮೆಯನ್ನೆಲ್ಲ ಯಂತ್ರಕ್ಕೆ ಕೊಟ್ಟು, ಲೋಟ ಹಿಡಿಯುವ, ಗುಂಡಿ ಹಾಕುವ ಬೇಸರದ ಅಭ್ಯಾಸವನ್ನು ಹಿಂದಕ್ಕೆ ಸರಿಸಿಬಿಟ್ಟಿತು.

ಈಚಿನ ಸಾಕ್ಷ್ಯ ಫ್ರಾಂಕ್ಲಿನ್ನನ ಸಂಶಯವನ್ನು ಹೊಸದಾಗಿ ಓದಿಸುತ್ತದೆ. ಮಿದುಳಿನಿಂದ ಕತ್ತಿನ ಮೂಲಕ ಹೃದಯ, ಹೊಟ್ಟೆಗಳಿಗೆ ಇಳಿಯುವ ವೇಗಸ್ ನರಕ್ಕೆ, ರೋಗಿ ಕೈಯಾಡಿಸುವ ಗಳಿಗೆಯಲ್ಲಿಯೇ ಪ್ರಚೋದನೆ ಕೊಟ್ಟ ಪ್ರಯೋಗವೊಂದರ ವರದಿ 2021ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 108 ರೋಗಿಗಳಿಗೂ ಒಂದೇ ಬಗೆಯ ವ್ಯಾಯಾಮ, ಎಲ್ಲರ ಎದೆಯೊಳಗೂ ಸಾಧನ. ನಿಜವಾದ ಪ್ರಚೋದನೆ ಮಾತ್ರ ಅರ್ಧದಷ್ಟು ಜನಕ್ಕೆ. ಆಸ್ಪತ್ರೆಯ ಅಭ್ಯಾಸ ಮುಗಿದು 90 ದಿನಗಳಾದಾಗ ಗಣನೀಯ ಸುಧಾರಣೆ ಕಂಡವರು ನಿಜವಾದ ಪ್ರಚೋದನೆ ಪಡೆದ ಗುಂಪಿನಲ್ಲಿ ಶೇ. 47, ಉಳಿದ ಗುಂಪಿನಲ್ಲಿ ಶೇ. 24. ಈ ನರದ ಒಂದು ಕವಲು ಕಿವಿಯ ಚರ್ಮಕ್ಕೂ ಬರುವುದರಿಂದ ಶಸ್ತ್ರಚಿಕಿತ್ಸೆಯಿಲ್ಲದೆ ಕಿವಿಗೆ ಸಣ್ಣ ತುದಿ ಸಿಕ್ಕಿಸಿ ಅದೇ ಕೆಲಸ ಮಾಡಿಸಬಹುದೇ ಎಂಬ ಪರೀಕ್ಷೆಗಳು ನಡೆಯುತ್ತಿವೆ. ಅಂಥ ಸಾಧನ ಬ್ಯಾಟರಿಯಿಂದ ನಡೆಯಬಲ್ಲದಾದ್ದರಿಂದ ಮನೆಯ ಜಗಲಿಗೂ ತಲುಪೀತು. ಮಳವಳ್ಳಿಯಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 40 ಕಿಲೋಮೀಟರ್ ಬಸ್ಸಿನಲ್ಲಿ ದಿನವೂ ಹೋಗಿಬರುವುದು, ಒಂದು ಕಾಲು ಎಳೆಯುವವರಿಗೂ ಕೂಲಿ ಬಿಟ್ಟು ಜೊತೆಗೆ ಹೋಗಬೇಕಾದ ಮನೆಯವರಿಗೂ, ಫ್ರಾಂಕ್ಲಿನ್ನನ ರೋಗಿಗಳಿಗೆ ಒದಗಿದಂತೆ ವ್ಯಾಯಾಮವಾಗಿ ಒದಗುವುದಿಲ್ಲ.