ಅಡಿಕೆ ಹೋದ ದಾರಿಯ ಸುಂಕದ ಕಟ್ಟೆಗಳು

ಕುದುರೆಮುಖದ ಬುಡದಲ್ಲಿ, ಬೆಳ್ತಂಗಡಿ ತಾಲೂಕಿನ ಅಂಚಿಗಿರುವ ಊರು ನಾರಾವಿ. 1997ರಲ್ಲಿ ಉಡುಪಿ ಜಿಲ್ಲೆ ಬೇರೆಯಾದ ಮೇಲೆ ಇಲ್ಲಿಂದ ಕಾರ್ಕಳಕ್ಕೆ ಹೊರಟವರು ಜಿಲ್ಲೆಯ ಗಡಿಯನ್ನೇ ದಾಟಬೇಕು. ಈ ಸೀಮೆಯ ತೋಟಗಳಲ್ಲಿ ಅಡಿಕೆ, ಅಡಿಕೆ ಮರಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ. ಎರಡೂ ದೂರದ ಪೇಟೆಯನ್ನು ನಂಬಿದ ಬೆಳೆಗಳು. ಅವು ಊರು ಬಿಟ್ಟಾಗಲೆಲ್ಲ ದಾರಿಗೆ ಅಡ್ಡ ನಿಂತ ಅಧಿಕಾರಿಯ ಪ್ರಶ್ನೆಗಳು ಒಂಬೈನೂರು ವರ್ಷಗಳಲ್ಲಿ ಅಷ್ಟೇನೂ ಬದಲಾಗಿಲ್ಲ: ಸರಕು ಎಲ್ಲಿಯದು, ಯಾರದು, ಎಷ್ಟಿದೆ, ಸುಂಕ ಕಟ್ಟಿದೆಯೇ?

ಈ ಲೆಕ್ಕದ ಹಳೆಯ ಕಾಗದ ಸಿಕ್ಕಿದ್ದು ಕೈರೋದಲ್ಲಿ. ಟ್ಯುನೀಷಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 1132ರ ಸುಮಾರಿನಿಂದ 1149ರವರೆಗೆ ಮಂಗಳೂರಿನಲ್ಲಿದ್ದ. ಇಲ್ಲಿಂದ ಮೆಣಸು, ಕಬ್ಬಿಣ, ಏಲಕ್ಕಿ, ಅಡಿಕೆಯನ್ನು ಏಡನ್‌ಗೆ ಕಳಿಸುತ್ತಿದ್ದ. ಅಲ್ಲಿ ಅವನ ಸರಕು ಬಿಡಿಸಿಕೊಳ್ಳುತ್ತಿದ್ದ ಮದ್ಮೂನ್ ಸ್ವತಃ ಬಂದರಿನ ಮೇಲ್ವಿಚಾರಕ. ಮಾರಿದ ಬೆಲೆಯಲ್ಲಿ ಸುಂಕ ಎಷ್ಟು ಹೋಯಿತು, ಉಳಿದದ್ದೆಷ್ಟು ಎಂಬುದನ್ನು ಮದ್ಮೂನ್ ಪತ್ರಗಳಲ್ಲಿ ಬಿಡಿಸಿ ಬರೆದಿದ್ದಾನೆ. ಕೈರೋದ ಯಹೂದಿ ಪ್ರಾರ್ಥನಾಮಂದಿರದ ಕೋಣೆಯಲ್ಲಿ ಶತಮಾನಗಳ ಕಾಲ ಬಿದ್ದಿದ್ದ ಆ ಕಾಗದಗಳನ್ನು ಈಗಲೂ ಓದಬಹುದು.

ಇಂಥ ಕಡಲ ವ್ಯಾಪಾರದ ಲಾಭ ಎಲ್ಲಿಗೆ ಹರಿಯಿತೆಂದು ನೋಡಲು ಮೂಡಬಿದಿರೆಗೆ ಹೋಗಬೇಕು. 1430ರ ಸುಮಾರಿಗೆ ಎದ್ದ ಸಾವಿರ ಕಂಬದ ಬಸದಿಗೆ ಇಲ್ಲಿನ ವ್ಯಾಪಾರಿ ಶೆಟ್ಟರು ಕೈಬಿಚ್ಚಿ ಕೊಟ್ಟರು. ಅದರ ಭೈರಾದೇವಿ ಮಂಟಪದ ಅಡಿಗಟ್ಟಿನಲ್ಲಿ, ದೂರದ ನಾಡುಗಳ ನಂಟಿನ ಗುರುತಿನಂತೆ, ಜಿರಾಫೆಯೂ ಚೀನಾದ ಡ್ರ್ಯಾಗನ್ನೂ ಕೆತ್ತನೆಯಾಗಿ ಕೂತಿವೆ.

ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಕಡಲನ್ನೇ ಸುಂಕದ ಕಟ್ಟೆಯಾಗಿಸಿದರು. ಹಡಗು ಹೊರಡಬೇಕಾದರೆ ಅವರು ಕೊಡುವ ‘ಕಾರ್ಟಾಜ್’ ಎಂಬ ರಹದಾರಿ ಬೇಕು. ಅವರ ಕೋಟೆಗಳಿರುವ ಬಂದರಿಗೆ ಬಂದು ಸುಂಕ ಕಟ್ಟಬೇಕು. ಮೆಣಸನ್ನಂತೂ ಹೇರುವಂತೆಯೇ ಇಲ್ಲ. ರಹದಾರಿ ಇಲ್ಲದ ಹಡಗು ಸಿಕ್ಕರೆ ಸರಕು ಸಮೇತ ವಶ. ಇದಕ್ಕೆ ಎದುರು ನಿಂತ ಉಳ್ಳಾಲದ ರಾಣಿ ಅಬ್ಬಕ್ಕ ಮೂಡಬಿದಿರೆಯ ಚೌಟ ಮನೆತನದವಳು. ಅವಳು ಕಪ್ಪ ಕೊಡಲು ಒಪ್ಪಲಿಲ್ಲ, ಅರಬ್ ವ್ಯಾಪಾರಿಗಳ ಸಂಗ ಬಿಡಲೂ ಇಲ್ಲ. ಕಡಲ ತೀರದ ಆ ಕಾಳಗದ ಹಿಂದೆ ಘಟ್ಟದ ಬುಡದ ಮೆಣಸಿನ ಬಳ್ಳಿಯೂ ಇತ್ತು ಎಂಬುದನ್ನು ಮರೆಯಬಾರದು.

ಟಿಪ್ಪು ಸುಲ್ತಾನ್ ಮೆಣಸು, ಗಂಧ, ಏಲಕ್ಕಿಯ ವ್ಯಾಪಾರವನ್ನು ಸರ್ಕಾರದ ಕೈಗೆ ತಂದು, ಮಸ್ಕತ್‌ನಲ್ಲಿ ಕೋಠಿ ತೆರೆದ. ಅವನ ನಂತರ, 1799ರಲ್ಲಿ, ಕೆನರಾ ಎನಿಸಿದ್ದ ಈ ಕರಾವಳಿ ಸೀಮೆ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. ಆಗ ಸುಂಕ ಕಡಲಿನಿಂದ ಮನೆಯ ಒಲೆಯವರೆಗೂ ಬಂತು. 1807ರಲ್ಲಿ ಉಪ್ಪು, 1811ರಲ್ಲಿ ಹೊಗೆಸೊಪ್ಪು ಸರ್ಕಾರದ ಏಕಸ್ವಾಮ್ಯಕ್ಕೆ ಸಿಕ್ಕವು. ಕಂಪನಿಯ ವಿರುದ್ಧ 1837ರ ಅಮರಸುಳ್ಯ ದಂಗೆ ಎದ್ದವರು ಮಂಗಳೂರಿನವರೆಗೆ ನುಗ್ಗಿ ಬಂದದ್ದಕ್ಕೆ, ತೀರ್ವೆಯನ್ನು ನಗದಿನಲ್ಲೇ ಕಟ್ಟಬೇಕೆಂಬ ಹಟದ ಜೊತೆಗೆ ಈ ಉಪ್ಪು–ಹೊಗೆಸೊಪ್ಪಿನ ಸಂಕಟವೂ ಕಾರಣ. ದಾರಿಯುದ್ದಕ್ಕೂ ಹೇರೆತ್ತುಗಳನ್ನು ತಡೆದು ವಸೂಲಿ ಮಾಡುತ್ತಿದ್ದ ಒಳನಾಡಿನ ಸಾಯರ್ ಸುಂಕವನ್ನು ಮದರಾಸು ಪ್ರಾಂತ 1844ರಲ್ಲಿ ಕೈಬಿಟ್ಟಿತು. ಅಲ್ಲಿಂದ ಮುಂದೆ ಗಡಿಯ ಸುಂಕವೆಂದರೆ ಬಂದರಿನ ಸುಂಕ.

ಇಷ್ಟು ಕಾಲವೂ ಸುಂಕದ ಕಟ್ಟೆ ನಿಂತದ್ದು ಹೊರಗೆ ಹೋಗುವ ಮಾಲಿನ ಎದುರಿಗೆ. ಬೆಳೆಗಾರನಿಗೆ ಅದು ಹೊರೆ. ಈಗ ಲೆಕ್ಕ ತಿರುವುಮುರುವಾಗಿದೆ. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಾಗ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರ ಜುಲೈಯಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. ಮರುವರ್ಷ ಪಣಂಬೂರಿನ ನವಮಂಗಳೂರು ದೇಶದ ಒಂಬತ್ತನೇ ಪ್ರಮುಖ ಬಂದರಾಯಿತು. ಆದರೆ ಇಂದು ಚಾಲಿ ಅಡಿಕೆ ಬೆಳೆಯುವವರಿಗೆ ದೊಡ್ಡ ಭಯ ಹೊರಗಿನಿಂದ ಒಳಗೆ ಬರುವ ಅಗ್ಗದ ಅಡಿಕೆಯದು. ಆಮದಿಗೆ ಶೇ. 100 ಸುಂಕವಿದೆ. ಕನಿಷ್ಠ ಆಮದು ಬೆಲೆ 2017ರಲ್ಲಿ ಕಿಲೋಗೆ 251 ರೂಪಾಯಿಯಾಯಿತು, 2023ರ ಫೆಬ್ರವರಿಯಲ್ಲಿ 351ಕ್ಕೇರಿತು. ಅದಕ್ಕಿಂತ ಕಡಿಮೆ ಬೆಲೆಯ ಅಡಿಕೆಯನ್ನು ತರಿಸುವುದು ನಿಷಿದ್ಧ.

ಬೇಲಿಗೆ ಗಂಡಿಗಳೂ ಇವೆ. 2000ದಲ್ಲಿ ಜಾರಿಗೆ ಬಂದ, ಶ್ರೀಲಂಕಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದದಂಥ ಸುಂಕ ರಿಯಾಯಿತಿಗಳಲ್ಲಿ ಎಲ್ಲವೂ ನಿಂತಿದ್ದದ್ದು ಸರಕು ಎಲ್ಲಿಯದೆಂದು ಹೇಳುವ ಮೂಲದ ಪ್ರಮಾಣಪತ್ರದ ಮೇಲೆ. ಬೇರೆ ದೇಶದ ಅಡಿಕೆ ಅಲ್ಲಿಯದೆಂಬ ಹೆಸರಿನಲ್ಲಿ ಬಂದರೆ ಸುಂಕವೇ ನಿರರ್ಥಕ. 2020ರ ಸೆಪ್ಟೆಂಬರ್ 21ರಿಂದ ಆ ಪ್ರಮಾಣಪತ್ರವೊಂದೇ ಸಾಲದಾಯಿತು. ಸರಕು ನಿಜಕ್ಕೂ ಆ ದೇಶದ್ದೆಂದು ತೋರಿಸುವ ವಿವರಗಳನ್ನು ಆಮದುದಾರನೇ ಕಲೆಹಾಕಬೇಕು, ಐದು ವರ್ಷ ಕಾಪಿಡಬೇಕು, ಕಸ್ಟಮ್ಸ್ ಅಧಿಕಾರಿ ಕೇಳಿದಾಗ ಒಪ್ಪಿಸಬೇಕು. ವ್ಯಾಪಾರಿಗೆ ಇದು ತೊಡಕಿನ ಕೆಲಸವೇ. ಆದರೆ ತೋಟದವನ ಬದುಕು ಆ ಕಡತದ ಪ್ರಾಮಾಣಿಕತೆಗೆ ಕಟ್ಟುಬಿದ್ದಿದೆ. 2022ರಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಷರತ್ತಿಲ್ಲದೆ ತರಲು ಕೇಂದ್ರ ಒಪ್ಪಿದಾಗ ಕರಾವಳಿ, ಮಲೆನಾಡಿನ ಬೆಳೆಗಾರರು ದನಿಯೆತ್ತಿದ್ದು ಅಗ್ಗದ ಅಡಿಕೆಯ ಇದೇ ಭಯಕ್ಕೆ. ನಾರಾವಿಯಂಥ ಊರಿನ ಕೃಷಿಕರು ಮಂಡಿಯ ಧಾರಣೆಯ ಜೊತೆಗೆ ದೆಹಲಿಯ ಆಮದು ಅಧಿಸೂಚನೆಗಳನ್ನೂ ಈಗ ಗಮನಿಸಬೇಕಾಗಿದೆ.