ದಾರಿಯಲ್ಲಿ ಭೇಟಿ: ಮಹಾವೀರಾಚಾರ್ಯರ ಲೆಕ್ಕ

ಸಿಂಧನೂರಿನಿಂದ ಒಂದು ಬಸ್ಸು, ಲಿಂಗಸುಗೂರಿನಿಂದ ಇನ್ನೊಂದು ಬಸ್ಸು ಒಂದೇ ವೇಳೆಗೆ ಎದುರುಬದುರಾಗಿ ಹೊರಟರೆ ಎಲ್ಲಿ ಸಂಧಿಸುತ್ತವೆ? ವೇಗ ಒಂದೇ ಆಗಿದ್ದರೆ ನಡುದಾರಿಯಲ್ಲಿ, ಮಸ್ಕಿಯ ಆಸುಪಾಸಿನಲ್ಲಿ. 1915ರಲ್ಲಿ ಅಶೋಕನ ಹೆಸರುಳ್ಳ ಶಾಸನ ಬೆಳಕಿಗೆ ಬಂದ ಊರು ಅದು. ವೇಗ ಬೇರೆಬೇರೆಯಾದರೆ ದೂರವನ್ನು ಎರಡೂ ವೇಗಗಳ ಮೊತ್ತದಿಂದ ಭಾಗಿಸಬೇಕು. ಭೇಟಿಯ ಸಮಯ ಸಿಗುತ್ತದೆ. ಒಂದನ್ನೊಂದು ಬೆನ್ನಟ್ಟಿ ಹೋಗುತ್ತಿದ್ದರೆ ನಡುವಿನ ಅಂತರವನ್ನು ವೇಗಗಳ ವ್ಯತ್ಯಾಸದಿಂದ ಭಾಗಿಸಬೇಕು. ಪರೀಕ್ಷೆಯಲ್ಲಿ ಇವೆರಡನ್ನು ಅದಲುಬದಲು ಮಾಡಿ ಅಂಕ ಕಳೆದುಕೊಂಡವರು ಕಡಿಮೆಯೇನಲ್ಲ.

ಇಂಥ ಲೆಕ್ಕಗಳು ರೈಲು, ಬಸ್ಸುಗಳ ಜತೆಗೇ ಹುಟ್ಟಿದವೆಂದು ತಿಳಿಯಬೇಕಿಲ್ಲ. ಕ್ರಿ.ಶ. 850ರ ಸುಮಾರಿನಲ್ಲಿ ಜೈನ ವಿದ್ವಾಂಸ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ ದಾರಿಹೋಕರ ಭೇಟಿಯ ಲೆಕ್ಕಗಳಿವೆ. ಗ್ರಂಥದ ಆರಂಭದಲ್ಲಿ ಅವರು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳಿದ್ದಾರೆ. ಆ ದೊರೆಯ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದ. 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದ ಮದರಾಸಿನಲ್ಲಿ ಅಚ್ಚಾಯಿತು.

ಅವರ ಒಂದು ಲೆಕ್ಕ ಹೀಗಿದೆ. ಒಬ್ಬನ ವೇಗ ಮೊದಲಿಗೆ 3. ಆಮೇಲೆ ಅದು 8, 8ರಂತೆ ಏರುತ್ತದೆ. ಇನ್ನೊಬ್ಬನದು ಬದಲಾಗದ ವೇಗ, 21. ಒಂದೇ ಜಾಗದಿಂದ ಒಂದೇ ಹೊತ್ತಿಗೆ ಒಂದೇ ದಿಕ್ಕಿಗೆ ಹೊರಟ ಇವರು ಮತ್ತೆ ಕೂಡುವುದೆಂದು? ಆಚಾರ್ಯರ ಸೂತ್ರ ಸರಳ. 21ರಲ್ಲಿ 3 ಕಳೆದರೆ 18. ಏರಿಕೆಯ ಅರ್ಧವಾದ 4ರಿಂದ ಅದನ್ನು ಭಾಗಿಸಿದರೆ ನಾಲ್ಕೂವರೆ. ಒಂದು ಕೂಡಿಸಿದರೆ ಐದೂವರೆ.

ಮೈಲಿ, ದಿನ ಎಂದಿಟ್ಟುಕೊಂಡು ಇವರನ್ನು ಸಿಂಧನೂರಿನ ದಾರಿಯಲ್ಲೇ ನಡೆಸಿ ನೋಡಬಹುದು. ಮೊದಲನೆಯವನು ದಿನಕ್ಕೆ 3, 11, 19, 27, 35ರಂತೆ ಐದು ದಿನಕ್ಕೆ 95 ಮೈಲಿ ನಡೆದಿರುತ್ತಾನೆ. ಎರಡನೆಯವನು 105 ಮೈಲಿ ಮುಟ್ಟಿರುತ್ತಾನೆ. ಅಂತರ 10 ಮೈಲಿ. ಆರನೆಯ ದಿನ ಮೊದಲನೆಯವನು 43 ಮೈಲಿ ನಡೆಯಬೇಕು (ಅಂಥ ಕಾಲು ಯಾರಿಗಿದೆಯೋ!). ಆ ದಿನವಿಡೀ ಅದೇ ವೇಗವೆಂದುಕೊಂಡರೆ ವೇಗಗಳ ವ್ಯತ್ಯಾಸ 22 ಆಗುತ್ತದೆ. 10 ಮೈಲಿಯ ಅಂತರ ಕಳೆಯಲು ದಿನದ ಇಪ್ಪತ್ತೆರಡರಲ್ಲಿ ಹತ್ತು ಭಾಗ ಸಾಕು. ಅರ್ಧ ದಿನ ಬೇಕಿಲ್ಲ.

ಹಾಗಾದರೆ ಸೂತ್ರ ತಪ್ಪೇ? ತಪ್ಪಲ್ಲ. ಶ್ರೇಢಿಯ ಮೊತ್ತದ ನಿಯಮವನ್ನು ಅದು ಅರ್ಧ ದಿನಕ್ಕೂ ಹಾಗೆಯೇ ಅನ್ವಯಿಸುತ್ತದೆ. ಐದೂವರೆ ದಿನಕ್ಕೆ ಇಬ್ಬರಿಗೂ 115.5 ಮೈಲಿ ಬರುತ್ತದೆ. ದಿನದಿನವೂ ಮೆಟ್ಟಿಲಂತೆ ವೇಗ ಏರಿಸಿಕೊಳ್ಳುವ ದಾರಿಹೋಕ ಮಾತ್ರ, ಹಗಲು ರಾತ್ರಿ ಎಡೆಬಿಡದೆ ನಡೆದರೆ, ಸುಮಾರು ಒಂದು ಗಂಟೆ ಮುಂಚೆಯೇ ಗೆಳೆಯನನ್ನು ಕೂಡಿಕೊಳ್ಳುತ್ತಾನೆ.